ನಾರು ಮತ್ತು ರಾಳದ ಸಂಧಿ

ನಾರನ್ನು ಅಂಟಿನಲ್ಲಿ ಹುದುಗಿಸಿ, ಎರಡಕ್ಕಿಂತಲೂ ಉಪಯುಕ್ತವಾದ ಮೂರನೆಯ ವಸ್ತುವನ್ನು ಪಡೆಯುವ ವಿದ್ಯೆಯು ಕನ್ನಡನಾಡಿಗೆ ಹೊಸದಲ್ಲ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಮರದ ಬೊಂಬೆಗಳ ಅಂಗಗಳನ್ನು ಕೂಡಿಸಿದ ಮೇಲೆ ಮೈಗೆಲ್ಲ ಬಳಿಯುವ ‘ಕಿಟ್ಟ’ವು ಇಂತಹುದೇ. ಸೆಣಬಿನ ಚಿಂದಿಯನ್ನು ನೆನೆಯಿಸಿ, ಒಣಗಿಸಿ, ಪುಡಿಮಾಡಿ, ಹುಣಿಸೆಬೀಜದ ಅಂಟಿನಲ್ಲಿ ಕಲಸಿ ಅದನ್ನು ಸಿದ್ಧಪಡಿಸುತ್ತಾರೆ. ನಾರೂ ಅಂಟೂ ಸಸ್ಯಜನ್ಯವಾಗಿ ಸಜಾತೀಯವಾದುದರಿಂದ ಒಂದಕ್ಕೊಂದು ಸಹಜವಾಗಿ ಹತ್ತಿಕೊಳ್ಳುತ್ತವೆ.

ಕೃತಕ ದ್ರವ್ಯಗಳ ಕಾಲದಲ್ಲಿ ಈ ಸ್ನೇಹವು ತಪ್ಪಿತು. ೧೯೦೭ರಲ್ಲಿ ಬೇಕ್‌ಲೆಂಡನು ಫೀನಾಲು ಮತ್ತು ಫಾರ್ಮಾಲ್ಡಿಹೈಡುಗಳಿಂದ ಕೃತಕ ರಾಳವನ್ನು ಪಡೆದನು. ೧೯೩೦ರ ದಶಕದಲ್ಲಿ ಅಮೆರಿಕದಲ್ಲಿ ಗಾಜಿನಿಂದ ಕೂದಲಿಗಿಂತ ಸಣ್ಣನೆಯ ಎಳೆಗಳನ್ನು ತೆಗೆಯುವ ಕ್ರಮವು ಕೈಗೂಡಿತು. ಎರಡನೆಯ ಮಹಾಯುದ್ಧದಲ್ಲಿ ಗಾಜಿನ ಎಳೆಯನ್ನೂ ಕೃತಕ ರಾಳವನ್ನೂ ಕೂಡಿಸಿ ವಿಮಾನದ ಭಾಗಗಳನ್ನು ಮಾಡಿದರು. ಆದರೆ ತೇವ ತಗುಲಿದರೆ ಆ ವಸ್ತುವು ಬಲಗುಂದುತ್ತಿತ್ತು. ಗಾಜಿನ ಮೈಗೆ ರಾಳಕ್ಕಿಂತಲೂ ನೀರು ಪ್ರಿಯವಾದುದರಿಂದ, ನೀರು ನಡುವೆ ನುಸುಳಿ ಹಿಡಿತವನ್ನು ಬಿಡಿಸುತ್ತಿತ್ತು. ದೋಷವು ನಾರಿನಲ್ಲಿಯೂ ಇರಲಿಲ್ಲ, ರಾಳದಲ್ಲಿಯೂ ಇರಲಿಲ್ಲ, ಅವುಗಳ ಸಂಧಿಯಲ್ಲಿತ್ತು.

೧೯೪೦ರ ದಶಕದ ಕೊನೆಯಲ್ಲಿ ದೊರೆತ ಪರಿಹಾರವನ್ನು ವ್ಯಾಕರಣ ಬಲ್ಲವರು ಸುಲಭವಾಗಿ ಗ್ರಹಿಸಬಹುದು. ‘ಮನೆ’, ‘ಅನ್ನು’ ಎಂಬಲ್ಲಿ ಸ್ವರಕ್ಕೆ ಸ್ವರವು ಎದುರಾದಾಗ ಯಕಾರವು ಆಗಮವಾಗಿ ಬಂದು ‘ಮನೆಯನ್ನು’ ಎಂದಾಗುವುದಷ್ಟೆ. ಸೈಲೇನ್ ಎಂಬ ಸಿಲಿಕಾನ್ ಸಂಯುಕ್ತಗಳೂ ಹಾಗೆಯೇ ನಡುವೆ ನಿಲ್ಲುತ್ತವೆ. ಅವುಗಳ ಅಣುವಿನ ಒಂದು ತುದಿಯು ಗಾಜಿನೊಡನೆಯೂ ಮತ್ತೊಂದು ತುದಿಯು ರಾಳದೊಡನೆಯೂ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ.

೧೯೬೦ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೊದಲ್ಲಿ ಬಲಿಷ್ಠವಾದ ಇಂಗಾಲದ ಎಳೆಗಳು ಸಿದ್ಧವಾದಾಗ ಇದೇ ತೊಡಕು ಬೇರೊಂದು ರೂಪದಲ್ಲಿ ತಲೆದೋರಿತು. ಅವುಗಳ ಜಡವಾದ ಮೈಯನ್ನು ಉತ್ಕರ್ಷಣಕ್ಕೆ ಒಳಪಡಿಸಿ, ಆಮ್ಲಜನಕವುಳ್ಳ ಗುಂಪುಗಳನ್ನು ಅಲ್ಲಿ ನೆಲೆಗೊಳಿಸಿದ ಮೇಲೆಯೇ ರಾಳವು ಚೆನ್ನಾಗಿ ಹಿಡಿಯಿತು. ಈ ವಿದ್ಯೆಯ ಫಲವನ್ನು ಬೆಂಗಳೂರು ೨೦೦೧ರ ಜನವರಿ ೪ರಂದು ಕಂಡಿತು. ಅಂದು ಮೊದಲ ಬಾರಿಗೆ ಹಾರಿದ ಹಗುರ ಯುದ್ಧವಿಮಾನದ, ಅಂದರೆ ಮುಂದೆ ‘ತೇಜಸ್’ ಎಂದು ಹೆಸರಾದ ವಿಮಾನದ, ರೆಕ್ಕೆಗಳು ಇಂಗಾಲದ ಎಳೆ ಮತ್ತು ರಾಳಗಳಿಂದಾದವು. ಅದರ ಬಾಲದ ನೆಟ್ಟನೆಯ ಫಲಕವನ್ನು ಆ ಊರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ರೂಪಿಸಿತು.

ಕೃತಕ ನಾರಿನಿಂದ ಕಲಿತ ಈ ಪಾಠವು ಸಹಜ ನಾರಿಗೂ ಸಲ್ಲುತ್ತದೆ. ಕಡೂರು ಸೀಮೆಯ ಯಗಟಿಯ ಸುತ್ತಣ ತೋಟಗಳ ತೆಂಗಿನ ನಾರು ನೀರನ್ನು ಹೀರುವಂತಹುದು; ಕೃತಕ ರಾಳವು ನೀರನ್ನು ಒಲ್ಲದು. ಇಂತಹ ನಾರನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿ ಮೈಮೇಲಿನ ಮೇಣವನ್ನು ತೆಗೆದರೆ ಹಿಡಿತವು ಹೆಚ್ಚುತ್ತದೆ. ಕ್ಷಾರವು ಮಿತಿಮೀರಿದರೆ ನಾರೇ ಕ್ಷೀಣಿಸುತ್ತದೆ. ಬೆಸುಗೆಯನ್ನು ಬಲಪಡಿಸುವಾಗ ಬೆಸೆಯಬೇಕಾದುದನ್ನು ಕೆಡಿಸಬಾರದೆಂಬ ಈ ವಿವೇಕವು ನಾರಿನ ಚರಿತ್ರೆಗೆ ಮಾತ್ರವಲ್ಲದೆ ಸಂಧಿಶಾಸ್ತ್ರಕ್ಕೂ ಒಪ್ಪುವಂತಹುದು.