ವೇಷವಿಪರ್ಯಯವೂ ಹಾಸ್ಯವೂ

ಸ್ತ್ರೀಯರ ಉಡುಗೆತೊಡುಗೆಗಳನ್ನು ವಿಕಾರವಾಗಿ ಚಿತ್ರಿಸಿ ನಗುವ ಪದ್ಧತಿಯು ಯೂರೋಪಿನಲ್ಲಿ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಬಲವಾಯಿತು. 1770ರ ದಶಕದಲ್ಲಿ ಅಲ್ಲಿನ ಸಿರಿವಂತ ಸ್ತ್ರೀಯರು ಕೂದಲನ್ನು ಗೋಪುರದಂತೆ ಎತ್ತರಿಸಿ ಕಟ್ಟಿ ಗರಿಗಳನ್ನು ಮುಡಿಯುತ್ತಿದ್ದರು. ಲಂಡನ್ ನಗರದ ಮ್ಯಾಥ್ಯೂ ಡಾರ್ಲಿ ಮತ್ತು ಮೇರಿ ಡಾರ್ಲಿ ದಂಪತಿಗಳು ಇಂತಹ ವೇಷಗಳ ವ್ಯಂಗ್ಯಚಿತ್ರಗಳನ್ನು ಅಚ್ಚುಮಾಡಿ ಮಾರಿದರು. 1841ರಲ್ಲಿ ಹುಟ್ಟಿದ 'ಪಂಚ್' ಪತ್ರಿಕೆಯು ಮುಂದೆ ಬಳೆಗಳಿಂದ ಉಬ್ಬಿಸಿದ ಲಂಗಗಳನ್ನು ಹಾಸ್ಯಕ್ಕೆ ಗುರಿಮಾಡಿತು. ಇದಕ್ಕೆ ಸದೃಶವಾದುದು ನಮ್ಮಲ್ಲಿ ಇದ್ದಿತೇ ಎಂಬುದು ಪ್ರಕೃತ ವಿಚಾರ.

ಲಕ್ಷಣಗ್ರಂಥಗಳನ್ನು ನೋಡಿದರೆ, ವಿಕೃತವಾದ ವೇಷಾಲಂಕಾರಗಳನ್ನು ಭರತಮುನಿಯು ಹಾಸ್ಯರಸದ ವಿಭಾವಗಳಲ್ಲಿ ಎಣಿಸಿರುವನು. ಆಹಾರ್ಯಾಭಿನಯವನ್ನು ಹೇಳುವಾಗಲೂ, ದೇಶಕ್ಕೆ ಒಗ್ಗದ ವೇಷವು ಶೋಭಿಸದೆಂದೂ ಸೊಂಟದ ಮೇಖಲೆಯನ್ನು ಎದೆಗೆ ಕಟ್ಟಿದರೆ ನಗೆಗೀಡಾಗುವುದೆಂದೂ ವಿಧಿಸಿರುವನು. ಆದರೆ ಹತ್ತನೆಯ ಶತಮಾನದ ಧನಂಜಯನು ದಶರೂಪಕದಲ್ಲಿ ನಾಯಿಕೆಯ ಸ್ವಾಭಾವಿಕಾಲಂಕಾರಗಳು ಹತ್ತೆಂದು ಹೇಳಿ, ಅವುಗಳಲ್ಲಿ ವಿಭ್ರಮವನ್ನೂ ಸೇರಿಸುತ್ತಾನೆ. ತ್ವರೆಯಿಂದ ಆಭರಣಗಳನ್ನು ಸ್ಥಾನ ತಪ್ಪಿಸಿ ತೊಡುವುದೇ ವಿಭ್ರಮ. ಒಂದೇ ಸ್ಥಾನವಿಪರ್ಯಯವು ಒಂದೆಡೆ ಹಾಸ್ಯಕ್ಕೂ ಮತ್ತೊಂದೆಡೆ ಶೃಂಗಾರಕ್ಕೂ ಕಾರಣವಾಗುವುದು ಗಮನಾರ್ಹ.

ಈ ಭೇದಕ್ಕೆ ಕಾರಣವು ವೇಷದಲ್ಲಿಲ್ಲ, ಮನೋಧರ್ಮದಲ್ಲಿದೆ. ರಘುವಂಶದ ಏಳನೆಯ ಸರ್ಗದಲ್ಲಿ ಅಜನನ್ನೂ, ಕುಮಾರಸಂಭವದ ಏಳನೆಯ ಸರ್ಗದಲ್ಲಿ ಪರಮೇಶ್ವರನನ್ನೂ ನೋಡಲು ಪುರಸ್ತ್ರೀಯರು ಅರೆಮುಗಿದ ಅಲಂಕಾರದಲ್ಲಿಯೇ ಗವಾಕ್ಷಗಳಿಗೆ ಧಾವಿಸುವರು. ಅವರ ಸಂಭ್ರಮವನ್ನು ಕಂಡು ಸಹೃದಯನು ಮುಗುಳ್ನಗುವನಲ್ಲದೆ ಅವರನ್ನು ಹೀಯಾಳಿಸನು. ಔತ್ಸುಕ್ಯವು ಪ್ರಧಾನವಾದಾಗ ಅಲಂಕಾರದ ದೋಷವೂ ಗುಣವಾಗಿ ಪರಿಣಮಿಸುತ್ತದೆ.

ಈ ವಿವೇಕವನ್ನು ಶಿಲ್ಪದ ವಿಚಾರಕ್ಕೂ ಅನ್ವಯಿಸಬೇಕು. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, ಕ್ರಿ. ಶ. 1117ರಲ್ಲಿ, ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಒಬ್ಬಳ ಸೀರೆಯನ್ನು ಕಪಿಯೊಂದು ಎಳೆಯುತ್ತಿದೆ. ಇದನ್ನು ಸ್ತ್ರೀಭೂಷಣದ ಅಪಹಾಸ್ಯವೆಂದು ಅರ್ಥಮಾಡುವುದು ಯುಕ್ತವಲ್ಲ. ಅವಳ ಕೇಶಬಂಧ, ಕಂಠಾಭರಣ, ಮೇಖಲೆಗಳಲ್ಲಿ ಶಿಲ್ಪಿಯು ವಿಕಾರವನ್ನು ತಂದಿಲ್ಲ. ಅವುಗಳನ್ನು ಅತ್ಯಾದರದಿಂದ ಕಡೆದಿರುವನು. ಇಲ್ಲಿ ನಗೆಗೆ ಆಸ್ಪದವಾದುದು ಕಪಿಯ ಚಾಪಲ್ಯ, ಅವಳ ಉಡುಗೆಯಲ್ಲ. ವ್ಯಂಗ್ಯಚಿತ್ರಕ್ಕೆ ಪ್ರಾಣವಾದ ಅತಿಶಯವಿಕಾರವೇ ಇಲ್ಲದಿರುವಾಗ ಅದನ್ನು ಆ ವರ್ಗಕ್ಕೆ ಸೇರಿಸಲಾಗದು.

ಹಾಗಾದರೆ ನಮ್ಮಲ್ಲಿ ವಿಕೃತವೇಷದಿಂದ ನಗಿಸುವವರು ಯಾರು? ಸಂಸ್ಕೃತರೂಪಕಗಳಲ್ಲಿ ವಿದೂಷಕನು, ಬಯಲುಸೀಮೆಯ ಮೂಡಲಪಾಯದಲ್ಲಿ ಕೋಡಂಗಿಯು. ಇವರಿಬ್ಬರೂ ಪುರುಷಪಾತ್ರಗಳೇ. ಡಾರ್ಲಿಯವರೂ 'ಮ್ಯಾಕರೋನಿ'ಗಳೆಂಬ ಶೋಕಿಗಾರ ಪುರುಷರನ್ನು ಬಿಡಲಿಲ್ಲವೆಂಬುದನ್ನು ಮರೆಯಬಾರದು.

ಇಷ್ಟರಿಂದ ನಮ್ಮ ಪೂರ್ವಿಕರು ಸ್ತ್ರೀನಿಂದೆಯನ್ನೇ ಅರಿಯರೆಂದು ಸಾಧಿಸಿದಂತಾಗುವುದಿಲ್ಲ. ಚಿಕ್ಕದೇವರಾಜ ಒಡೆಯರ (1673–1704) ಆಸ್ಥಾನದಲ್ಲಿದ್ದ ಸಂಚಿಯ ಹೊನ್ನಮ್ಮನು, ಹೆತ್ತ ತಾಯಿಯೂ ಹೆಣ್ಣೇ ಎಂದು ನೆನಪಿಸಿ, ಹೆಣ್ಣನ್ನು ಹಳಿಯುವವರನ್ನು ತನ್ನ 'ಹದಿಬದೆಯ ಧರ್ಮ'ದಲ್ಲಿ ಆಕ್ಷೇಪಿಸಬೇಕಾಯಿತು. ಹಳಿಯುವವರಿಲ್ಲದೆ ಇಂತಹ ಆಕ್ಷೇಪಕ್ಕೆ ಪ್ರಸಕ್ತಿಯೇ ಇರದು. ಆದುದರಿಂದ ನಿಂದೆಯಿದ್ದೆಡೆ ಅದನ್ನು ನಿಂದೆಯೆಂದೇ ಒಪ್ಪಬೇಕು. ಲೀಲೆಯಿದ್ದೆಡೆ ನಿಂದೆಯನ್ನು ಆರೋಪಿಸಬಾರದು. ಪಾಠಹೇಳುವವರು ವಿಭ್ರಮವನ್ನೂ ಹಾಸ್ಯವನ್ನೂ ಬೇರ್ಪಡಿಸಿ ತಿಳಿಸಿದಲ್ಲಿ ಕಾವ್ಯಕ್ಕೂ ಶಿಲ್ಪಕ್ಕೂ ನ್ಯಾಯ ದೊರೆಯುವುದು.