ಕ್ಲೆಗ್‌ಹಾರ್ನ್ ಸಾಹೇಬರ ಮನೆತನ, ನಮ್ಮ ಕುಮರಿಯವರ ಮನೆತನ

ನಮ್ಮ ಪದ ಹಾಡುವವರಲ್ಲಿ ಒಂದು ರೂಢಿ ಉಂಟು. ಯಾರ ಕಥೆ ಎತ್ತಿದರೂ ಮೊದಲು ಅವರ ತಾತ ಯಾರು, ಅಪ್ಪ ಯಾರು ಅಂತ ಹೇಳಿ ಆಮೇಲೆ ಮುಂದಕ್ಕೆ ಹೋಗ್ತೇವೆ. ಇದನ್ನೂ ಹಾಗೇ ಹೇಳ್ತೇನೆ.

ಇದು ಕಾಡಿನ ಸಾಹೇಬರೊಬ್ಬರ ಕಥೆ. ಹೆಸರು ಹ್ಯೂ ಕ್ಲೆಗ್‌ಹಾರ್ನ್. ನಮ್ಮ ಪರ್ವರಿಯಿಂದ ಮೂಡಲ ಕಡೆ ಘಟ್ಟ ದಾಟಿದರೆ ಜೋಯಿಡಾ, ದಾಂಡೇಲಿಯ ಕಾಡು ಸಿಗುತ್ತದೆ. ಗೋವೆಯಲ್ಲಿ ಪೋರ್ಚುಗೀಸರಿದ್ದ ಕಾಲಕ್ಕೆ ಆ ಕಡೆಯ ಕೆನರಾ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿಯ ಸರ್ಕಾರಿ ಕಾಡು ಈ ಸಾಹೇಬರ ಕೈಕೆಳಗಿತ್ತು.

ಸಾಹೇಬರ ತಾತನ ಹೆಸರೂ ಹ್ಯೂ ಕ್ಲೆಗ್‌ಹಾರ್ನ್. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಪಾಠ ಹೇಳುತ್ತಿದ್ದವರು. ಪಾಠ ಬಿಟ್ಟು ಇಂಗ್ಲಿಷ್ ಸರ್ಕಾರದ ಗುಟ್ಟಿನ ಕೆಲಸಕ್ಕೆ ಸೇರಿದರು. ಆಗ ಸಿಂಹಳ ದ್ವೀಪ ಡಚ್ಚರದಾಗಿತ್ತು. ಅದನ್ನು ಕಾಯುತ್ತಿದ್ದ ಒಂದು ಪಡೆ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ಎಂಬವರದು. 1795ರಲ್ಲಿ ತಾತ ಅವರ ಊರಿಗೇ ಹೋಗಿ, ಮಾತಾಡಿ, ಆ ಪಡೆಯನ್ನು ಇಂಗ್ಲಿಷರ ಕಡೆಗೆ ತಿರುಗಿಸಿದರು. ಅದೇ ಪಡೆ 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಮೇಲೆ ಕಾದಿತು. ಆ ಪಡೆಯವರ ಗೋರಿಗಳು ಇವತ್ತಿಗೂ ಅಲ್ಲಿವೆ.

ಅಪ್ಪ ಪೀಟರ್, ಮದ್ರಾಸಿನ ಸುಪ್ರೀಂ ಕೋರ್ಟಿನಲ್ಲಿ ರಿಜಿಸ್ಟ್ರಾರ್. ಮಗ ಹುಟ್ಟಿದ್ದು ಮದ್ರಾಸಿನಲ್ಲೇ, 1820ರಲ್ಲಿ. ಚಿಕ್ಕ ಹುಡುಗನಾಗಿದ್ದಾಗಲೇ ತಾತನ ಮನೆಗೆ ಕಳಿಸಿದರು. ಸ್ಟ್ರಾವಿಥಿ ಅಂತ ಆ ಊರು. ಅಲ್ಲಿ ಬೆಳೆದು, ಡಾಕ್ಟರಿಕೆ ಓದಿ, 1842ರಲ್ಲಿ ಕಂಪನಿಯ ಕೆಲಸಕ್ಕೆ ಮದ್ರಾಸಿಗೆ ಬಂದರು.

ಕೆಲವು ವರ್ಷ ಶಿವಮೊಗ್ಗದಲ್ಲಿದ್ದರು. ರೋಗಿಗಳನ್ನು ನೋಡುವುದರ ಜೊತೆಗೆ ಗಿಡಮರ ನೋಡುವ ಹುಚ್ಚು. ದಿನಕ್ಕೊಂದು ಗಿಡದ ಚಿತ್ರ ಬರೆಯಲಿಕ್ಕೆ ಒಬ್ಬ ಮರಾಠಿ ಚಿತ್ರಕಾರನನ್ನು ಇಟ್ಟುಕೊಂಡರು. ಅವರು ಬರೆಸಿದ ಚಿತ್ರಗಳು ಎಡಿನ್‌ಬರೊದ ಸಸ್ಯತೋಟದಲ್ಲಿ ಜೋಪಾನವಾಗಿವೆ. ಶಿವಮೊಗ್ಗದಲ್ಲಿ ಬರೆದ ಆ ಕೈಯವನ ಹೆಸರು ಮಾತ್ರ ಉಳಿಯಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ.

ಕಾಡು ಹೋದರೆ ಮಳೆ, ನೀರು, ಬೆಳೆ ಎಲ್ಲಕ್ಕೂ ಕೇಡು ಎಂದು 1851ರಲ್ಲೇ ಸಾಹೇಬರು ಮತ್ತು ಇನ್ನು ಕೆಲವರು ಸೇರಿ ವರದಿ ಬರೆದರು. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಕ್ಕೆ ಮೊದಲ ಮುಖ್ಯಸ್ಥರಾದರು. ಅವರು ಕಂಡದ್ದು ಸುಳ್ಳಲ್ಲ. ರೈಲು ಹಳಿಯ ಕೆಳಗೆ ಹಾಸುವ ದಿಮ್ಮಿಗೆ, ಹಡಗಿಗೆ, ಕಾಫಿ ತೋಟಕ್ಕೆ ಕಾಡು ಕರಗುತ್ತಿತ್ತು. ಆದರೆ ಕುಮರಿ ಮಾಡುವ ಬಡವರ ಮೇಲೂ ಅವರ ಕಣ್ಣು ಬಿತ್ತು. ಕುಮರಿ ಅಂದರೆ ಬೇಸಿಗೆಯಲ್ಲಿ ಒಂದು ತುಂಡು ಕಾಡು ಕಡಿದು, ಒಣಗಿಸಿ, ಸುಟ್ಟು, ಮಳೆ ಬಿದ್ದಾಗ ಆ ಬೂದಿಯಲ್ಲಿ ರಾಗಿ, ಸಾಮೆ ಬಿತ್ತುವುದು. ಒಂದೆರಡು ಬೆಳೆ ತೆಗೆದು ಜಾಗ ಬಿಡ್ತಾರೆ. ಕಾಡು ಮತ್ತೆ ಎದ್ದ ಮೇಲೆ ತಿರುಗಿ ಬರ್ತಾರೆ. ಗೋವೆಯಲ್ಲಿ ಇದಕ್ಕೆ ಕುಮೇರಿ ಅಂತಾರೆ. ಬೆಲೆಬಾಳುವ ಮರ ಸುಟ್ಟುಹೋಗುತ್ತದೆ ಎಂದು ಸಾಹೇಬರು ಬರೆದರು. ಅಪ್ಪಣೆಯಿಲ್ಲದೆ ಸರ್ಕಾರಿ ಕಾಡಿನಲ್ಲಿ ಕುಮರಿ ಮಾಡಬಾರದೆಂದು 1860ರಲ್ಲಿ ಮದ್ರಾಸ್ ಸರ್ಕಾರ ಹುಕುಂ ಹೊರಡಿಸಿತು. 1862ರಲ್ಲಿ ಉತ್ತರ ಕೆನರಾ ಮುಂಬೈ ಪ್ರಾಂತ್ಯಕ್ಕೆ ಹೋಯಿತು, ಬಿಗಿ ಮಾತ್ರ ಸಡಿಲಲಿಲ್ಲ. ಬಿತ್ತುವವನು ತನ್ನ ಕಾಡಿನಲ್ಲೇ ಕಳ್ಳನಾದ.

ಸಾಹೇಬರು 1895ರಲ್ಲಿ ಸ್ಟ್ರಾವಿಥಿಯಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಆಸ್ತಿ ಸೋದರಳಿಯ ಅಲೆಗ್ಸಾಂಡರ್ ಸ್ಪ್ರಾಟ್‌ಗೆ ಹೋಯಿತು. ಆ ಅಳಿಯ 1918ರ ಚುನಾವಣೆಯಲ್ಲಿ ಮಾಜಿ ಪ್ರಧಾನಿ ಆಸ್ಕ್ವಿತ್‌ರನ್ನೇ ಸೋಲಿಸಿದರು. ನೋಡಿ, ಮಕ್ಕಳಿಲ್ಲದವರ ಮನೆತನದ ಕಥೆಯನ್ನೂ ತಾತನಿಂದ ಅಳಿಯನವರೆಗೆ ಹೇಳಲಿಕ್ಕೆ ಬಂತು. ಯಾಕೆ? ಬರೆದಿಟ್ಟಿದ್ದರು.

ಕುಮರಿಯವರ ಕಥೆ ಯಾರು ಬರೆದರು? ಇದು ಬರೀ ಹಳೇ ದುಃಖವಲ್ಲ, ಇವತ್ತಿನ ಪ್ರಶ್ನೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಸಾಗುವಳಿ ಇದ್ದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದೆವೆಂದು ತೋರಿಸಬೇಕು. ಗೋವೆಯ ಕುಣಬಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಘಟ್ಟದಾಚೆ ಜೋಯಿಡಾದ ಕುಣಬಿಗಳು ಅದನ್ನೇ ಬಹಳ ವರ್ಷದಿಂದ ಕೇಳುತ್ತ ಬಂದಿದ್ದಾರೆ. ಹೆಸರು ಒಂದೇ, ಕುಮರಿ ಒಂದೇ. ನಡುವೆ ಒಂದು ಗಡಿ, ಅದರ ಮೇಲೆ 75 ವರ್ಷದ ಲೆಕ್ಕ.

ಈ ಕಾಯ್ದೆಯ ನಿಯಮಗಳಲ್ಲಿ ಒಂದು ಬಾಗಿಲು ತೆರೆದಿದೆ. ಹಕ್ಕು ಕೇಳಲಿಕ್ಕೆ ಕನಿಷ್ಠ ಎರಡು ಸಾಕ್ಷ್ಯ ಬೇಕು. ಹಳೇ ದಾಖಲೆಯಲ್ಲಿ ಹೆಸರಿರುವ ಹಿರಿಯನವರೆಗೆ ಮುಟ್ಟುವ ವಂಶಾವಳಿಯೂ ಸಾಕ್ಷ್ಯ. ಅರ್ಜಿದಾರರಲ್ಲದ ಊರ ಹಿರಿಯರ ಹೇಳಿಕೆಯೂ ಸಾಕ್ಷ್ಯ, ಆದರೆ ಅದು ಬರಹದಲ್ಲಿರಬೇಕು. ಬಾಯಲ್ಲಿದ್ದರೆ ನಡೆಯೋದಿಲ್ಲ.

ನಾನು ಏಳನೇ ಇಯತ್ತೆ ಕಲಿತವನು. ನೂರು ಪದ ಬಾಯಲ್ಲಿ ಬರ್ತವೆ, ಒಂದನ್ನೂ ಬರೆದಿಟ್ಟಿರಲಿಲ್ಲ. ಆ ತಪ್ಪು ಈಗ ತಿಳಿದಿದೆ. ಮಾಸ್ತರರೇ, ಅಕ್ಕೋರೇ, ಮಕ್ಕಳಿಗೆ ಒಂದು ಕೆಲಸ ಕೊಡಿ. ಪರ್ವರಿಗೆ ಕೂಲಿಗೆ, ಕೆಲಸಕ್ಕೆ ಬಂದ ನಮ್ಮವರ ಮಕ್ಕಳು ಹಬ್ಬಕ್ಕೆ ಊರಿಗೆ ಹೋಗ್ತಾರಲ್ಲ, ಆಗ ಒಂದು ನೋಟ್‌ಬುಕ್ ಒಯ್ಯಲಿ. ಅಜ್ಜನ ಅಪ್ಪನ ಹೆಸರೇನು, ಯಾವ ಗುಡ್ಡದಲ್ಲಿ ರಾಗಿ ಬಿತ್ತಿದ್ದರು, ಯಾವ ಹಳ್ಳದ ನೀರು ಕುಡಿದರು, ಮನೆ ಎಲ್ಲಿತ್ತು ಅಂತ ಕೇಳಿ ಬರೆಯಲಿ. ಹೇಳಿದವರ ಸಹಿಯೋ ಹೆಬ್ಬೆಟ್ಟೋ ತಾರೀಖಿನ ಜೊತೆ ಹಾಕಿಸಲಿ. ಹೇಳುವ ಮುದುಕರು ಇನ್ನೆಷ್ಟು ದಿನ ಇರ್ತಾರೆ?