ಇಂಗ್ಲಿಷ್ ಶಬ್ದಗಳ ಮೂಲ: ಕಥೆ ಮತ್ತು ಚರಿತ್ರೆ

ಶಬ್ದದ ಮೂಲವನ್ನು ತಿಳಿಯುವುದರಲ್ಲಿ ಮನುಷ್ಯನಿಗೆ ಸಹಜವಾದ ಕುತೂಹಲವುಂಟು. ತರಗತಿಯಲ್ಲಿ ಪಾಠದ ನಡುವೆ ಅಧ್ಯಾಪಕರು ಇಂಗ್ಲಿಷಿನ ಒಂದು ಪದದ ಹುಟ್ಟನ್ನು ಹೇಳತೊಡಗಿದರೆ ತೂಕಡಿಸುತ್ತಿದ್ದ ವಿದ್ಯಾರ್ಥಿಯೂ ಕಿವಿಗೊಡುತ್ತಾನೆ. ಪಾಠ ಮರೆತರೂ ಆ ಕಥೆಯನ್ನು ಮರೆಯುವುದಿಲ್ಲ. ಮುಂದೆ ತಾನೇ ಅಧ್ಯಾಪಕನಾದಾಗ ಅದನ್ನೇ ತನ್ನ ಶಿಷ್ಯರಿಗೆ ಹೇಳುತ್ತಾನೆ. ಹೀಗೆ ಬಾಯಿಂದ ಬಾಯಿಗೆ ನಡೆದುಬಂದಿರುವ ಕಥೆಗಳಲ್ಲಿ ಅನೇಕವು ನಿರಾಧಾರವಾದವು. ಅವನ್ನು ಕೇವಲ ವಿನೋದವೆಂದು ಬಿಟ್ಟುಬಿಡುವಂತಿಲ್ಲ. ಏಕೆಂದರೆ ಶಬ್ದವೊಂದರ ಮೂಲವನ್ನು ಹೇಳುವುದೆಂದರೆ ಹಿಂದಿನ ಕಾಲದಲ್ಲಿ ನಡೆದ ಒಂದು ಸಂಗತಿಯನ್ನು ಹೇಳುವುದೇ ಆಗಿದೆ. ರಾಜವಂಶದ ಕಾಲನಿರ್ಣಯಕ್ಕೆ ನಾವು ಯಾವ ಬಗೆಯ ಆಧಾರವನ್ನು ಕೇಳುತ್ತೇವೆಯೋ ಶಬ್ದದ ಚರಿತ್ರೆಗೂ ಅದೇ ಬಗೆಯ ಆಧಾರವನ್ನು ಕೇಳಬೇಕು. ಪ್ರಕೃತ ಲೇಖನದಲ್ಲಿ ಕೆಲವು ಪರಿಚಿತ ಇಂಗ್ಲಿಷ್ ಶಬ್ದಗಳನ್ನು ತೆಗೆದುಕೊಂಡು, ಅವುಗಳ ವಿಷಯದಲ್ಲಿ ಕಥೆ ಎಷ್ಟು, ಚರಿತ್ರೆ ಎಷ್ಟು ಎಂಬುದನ್ನು ವಿಚಾರಿಸಲಾಗಿದೆ.

೧

ಮೊದಲು ಕಥೆಗಳನ್ನು ನೋಡೋಣ. ದನದ ಸೊಂಟದ ಮೇಲ್ಭಾಗದ ಮಾಂಸಕ್ಕೆ ಇಂಗ್ಲಿಷಿನಲ್ಲಿ ‘ಸರ್ಲಾಯ್ನ್’ ಎಂದು ಹೆಸರು. ಒಬ್ಬ ದೊರೆ ಊಟದ ಸಂತೋಷದಲ್ಲಿ ಕತ್ತಿಯನ್ನು ಹಿರಿದು ಆ ಮಾಂಸದ ತುಂಡಿಗೆ ‘ಸರ್’ ಪದವಿಯನ್ನು ದಯಪಾಲಿಸಿದನಂತೆ. ಆ ದೊರೆ ಎಂಟನೆಯ ಹೆನ್ರಿ ಎಂದು ಕೆಲವರು, ಒಂದನೆಯ ಜೇಮ್ಸ್ ಎಂದು ಕೆಲವರು, ಎರಡನೆಯ ಚಾರ್ಲ್ಸ್ ಎಂದು ಮತ್ತೆ ಕೆಲವರು ಹೇಳುತ್ತಾರೆ. ಘಟನೆ ಒಂದಾಗಿದ್ದು ನಾಯಕರು ಮೂವರಾದರೆ ಅಲ್ಲಿಯೇ ಸಂದೇಹಕ್ಕೆ ಎಡೆಯುಂಟು. ನಿಜಸ್ಥಿತಿ ಬೇರೆ. ಫ್ರೆಂಚಿನಲ್ಲಿ ‘ಸುರ್’ ಎಂದರೆ ಮೇಲೆ. ಸೊಂಟದ ಮೇಲಣ ಭಾಗ ಎಂಬ ಅರ್ಥದ ಫ್ರೆಂಚ್ ಪದವೇ ಇಂಗ್ಲಿಷಿಗೆ ಬಂದಿತು. ಜನ ‘ಸುರ್’ ಎಂಬುದನ್ನು ತಮಗೆ ತಿಳಿದ ‘ಸರ್’ ಎಂದು ಭಾವಿಸಿದರು, ಆಮೇಲೆ ಕಥೆಯನ್ನು ಕಟ್ಟಿದರು, ಕಥೆಗೆ ತಕ್ಕಂತೆ ಕಾಗುಣಿತವನ್ನೂ ತಿದ್ದಿಕೊಂಡರು. ೧೭೫೫ರಲ್ಲಿ ಪ್ರಕಟವಾದ ಡಾಕ್ಟರ್ ಜಾನ್ಸನ್ನನ ಪ್ರಸಿದ್ಧ ನಿಘಂಟಿನಲ್ಲಿಯೂ ಈ ಕಥೆ ಸೇರಿಕೊಂಡಿದೆ. ಮಹಾಪಂಡಿತನ ಗ್ರಂಥದಲ್ಲಿದೆ ಎಂದಮಾತ್ರಕ್ಕೆ ಕಥೆ ಚರಿತ್ರೆಯಾಗುವುದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಎರಡನೆಯದು ‘ಸ್ಯಾಲರಿ’. ರೋಮಿನ ಸೈನಿಕರಿಗೆ ಸಂಬಳವಾಗಿ ಉಪ್ಪನ್ನು ಕೊಡುತ್ತಿದ್ದರು. ಲ್ಯಾಟಿನ್ನಿನಲ್ಲಿ ಉಪ್ಪಿಗೆ ‘ಸಾಲ್’ ಎಂದು ಹೆಸರಿರುವುದರಿಂದ ಈ ಪದ ಹುಟ್ಟಿತು ಎಂದು ಹೇಳುವುದುಂಟು. ಇದರಲ್ಲಿ ಅರ್ಧ ಸತ್ಯ. ಲ್ಯಾಟಿನ್ನಿನ ‘ಸಲಾರಿಯುಮ್’ ಎಂಬ ಪದಕ್ಕೂ ಉಪ್ಪಿಗೂ ಸಂಬಂಧವಿರುವುದು ನಿಜ, ಕ್ರಿ.ಶ. ಒಂದನೆಯ ಶತಮಾನದ ಪ್ಲಿನಿಯೂ ಅದನ್ನು ಸೂಚಿಸಿದ್ದಾನೆ. ಆದರೆ ಸೈನಿಕರಿಗೆ ಉಪ್ಪನ್ನೇ ಅಳೆದು ಸಂಬಳ ತೀರಿಸುತ್ತಿದ್ದರೆಂದು ಹೇಳುವ ಪ್ರಾಚೀನ ಲೇಖಕನೊಬ್ಬನೂ ಇಲ್ಲ. ಸಂಬಂಧದಿಂದ ಘಟನೆಯನ್ನು ಊಹಿಸಿದವರು ನಂತರದವರು. ನಮ್ಮ ‘ಸಂಬಳ’ವನ್ನೇ ನೋಡಿದರೆ ಈ ಊಹೆಯ ದೋಷ ತಿಳಿಯುತ್ತದೆ. ಅದರ ಮೂಲವಾದ ಸಂಸ್ಕೃತ ಶಬ್ದಕ್ಕೆ ದಾರಿಯ ಬುತ್ತಿ ಎಂದು ಅರ್ಥ. ಹಾಗೆಂದು ಹಿಂದಿನ ಅರಸರು ತಿಂಗಳಿಗೊಮ್ಮೆ ಬುತ್ತಿ ಕಟ್ಟಿಕೊಟ್ಟು ಸೇವಕರ ಲೆಕ್ಕ ತೀರಿಸುತ್ತಿದ್ದರು ಎಂದು ನಾವಾರೂ ಹೇಳುವುದಿಲ್ಲ.

ಮೂರನೆಯ ವರ್ಗದ ಕಥೆಗಳು ಅಕ್ಷರಗಳನ್ನು ಬಿಡಿಸಿ ಹೇಳತಕ್ಕವು. ‘ನ್ಯೂಸ್’ ಎಂಬುದು ನಾಲ್ಕು ದಿಕ್ಕುಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಿಂದ ಆಯಿತು ಎಂಬುದು ಇಂಥದು. ವಾಸ್ತವವಾಗಿ ಅದು ಹೊಸದು ಎಂಬ ಅರ್ಥದ ‘ನ್ಯೂ’ ಶಬ್ದದ ಬಹುವಚನ. ಹೊಸ ಸಂಗತಿಗಳು ಎಂದಷ್ಟೇ ಅದರ ಅರ್ಥ. ‘ಪಾಷ್’ ಎಂಬ ಪದದ ಕಥೆಯಂತೂ ನಮ್ಮ ದೇಶಕ್ಕೇ ಸಂಬಂಧಿಸಿದ್ದು. ಇಂಗ್ಲೆಂಡಿನಿಂದ ಭಾರತಕ್ಕೆ ಹಡಗಿನಲ್ಲಿ ಬರುವಾಗ ಎಡಮಗ್ಗುಲಿನ ಕೋಣೆಗಳೂ ಹಿಂದಿರುಗುವಾಗ ಬಲಮಗ್ಗುಲಿನ ಕೋಣೆಗಳೂ ನೆರಳಿನಲ್ಲಿರುತ್ತಿದ್ದುವಂತೆ; ಹೆಚ್ಚು ಹಣ ತೆತ್ತ ಶ್ರೀಮಂತರ ಟಿಕೆಟ್ಟುಗಳ ಮೇಲೆ ಅದನ್ನು ಸೂಚಿಸುವ ನಾಲ್ಕು ಅಕ್ಷರಗಳನ್ನು ಒತ್ತುತ್ತಿದ್ದರಂತೆ. ಅಂಥ ಮುದ್ರೆಯುಳ್ಳ ಒಂದು ಟಿಕೆಟ್ಟೂ ಇದುವರೆಗೆ ದೊರೆತಿಲ್ಲ. ಮೊದಲಕ್ಷರಗಳನ್ನು ಜೋಡಿಸಿ ಪದಗಳನ್ನು ಮಾಡುವ ಪದ್ಧತಿ ಇಂಗ್ಲಿಷಿನಲ್ಲಿ ಬಳಕೆಗೆ ಬಂದುದೇ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದಲ್ಲಿ. ಆದುದರಿಂದ ಅದಕ್ಕಿಂತ ಹಳೆಯ ಪದವೊಂದನ್ನು ಯಾರಾದರೂ ಹೀಗೆ ಬಿಡಿಸಿ ತೋರಿಸಿದರೆ ಅದನ್ನು ಸುಲಭವಾಗಿ ಒಪ್ಪಲಾಗದು.

೨

ಹಾಗಾದರೆ ನಿಜವನ್ನು ತಿಳಿಯುವ ದಾರಿ ಯಾವುದು? ೧೮೫೭ರಲ್ಲಿ ಲಂಡನ್ನಿನ ಭಾಷಾಶಾಸ್ತ್ರ ಸಂಘದಲ್ಲಿ ರಿಚರ್ಡ್ ಟ್ರೆಂಚ್ ಎಂಬ ಪಾದ್ರಿ ಆಗಿನ ನಿಘಂಟುಗಳ ನ್ಯೂನತೆಗಳನ್ನು ಎತ್ತಿ ತೋರಿಸಿದನು. ನಿಘಂಟುಕಾರನು ಭಾಷೆಯ ತೀರ್ಪುಗಾರನಲ್ಲ, ಅದರ ಇತಿಹಾಸಕಾರ ಎಂಬುದು ಅವನ ನಿಲುವು. ಇದರ ಫಲವಾಗಿ ಆರಂಭವಾದುದೇ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು. ಸಾವಿರಾರು ಮಂದಿ ಓದುಗರು ಹಳೆಯ ಹೊಸ ಗ್ರಂಥಗಳನ್ನು ಓದಿ, ಪ್ರಯೋಗಗಳನ್ನು ಚೀಟಿಗಳಲ್ಲಿ ಬರೆದು ಕಳುಹಿಸಿದರು. ಜೇಮ್ಸ್ ಮರ್ರೆಯು ೧೮೭೯ರಿಂದ ೧೯೧೫ರಲ್ಲಿ ತೀರಿಕೊಳ್ಳುವವರೆಗೆ ಅದರ ಸಂಪಾದಕನಾಗಿ ದುಡಿದನು. ಮೊದಲ ಸಂಚಿಕೆ ೧೮೮೪ರಲ್ಲಿ ಹೊರಬಂದಿತು. ಕೆಲಸ ಮುಗಿದದ್ದು ೧೯೨೮ರಲ್ಲಿ. ಪ್ರತಿಯೊಂದು ಶಬ್ದವೂ ಮೊದಲು ಯಾವ ಬರೆಹದಲ್ಲಿ, ಯಾವ ರೂಪದಲ್ಲಿ, ಯಾವ ಅರ್ಥದಲ್ಲಿ ಕಾಣುತ್ತದೆ, ಅಲ್ಲಿಂದ ಹೇಗೆ ಬದಲಾಯಿತು ಎಂಬುದನ್ನು ಕಾಲಾನುಕ್ರಮದಲ್ಲಿ ಪ್ರಯೋಗಸಹಿತವಾಗಿ ಕೊಡುವುದೇ ಅದರ ವಿಶೇಷ. ಕಥೆ ಹುಟ್ಟುವುದು ಕಲ್ಪನೆಯಿಂದ. ಚರಿತ್ರೆಗೆ ಆಧಾರ ಈ ಚೀಟಿಗಳು.

೩

ಇಂಥ ಪ್ರಯೋಗಗಳನ್ನು ಸಾಲಾಗಿ ನೋಡಿದಾಗ ತಿಳಿದುಬರುವ ಸಂಗತಿಗಳು ಕಟ್ಟುಕಥೆಗಳಿಗಿಂತ ಆಶ್ಚರ್ಯಕರವಾಗಿವೆ. ಇಂದು ಚೆನ್ನಾಗಿದೆ ಎಂದು ಹೇಳಲು ಬಳಸುವ ‘ನೈಸ್’ ಶಬ್ದವು ಲ್ಯಾಟಿನ್ನಿನ ‘ನೆಸ್ಕಿಯುಸ್’ ಎಂಬುದರಿಂದ, ಫ್ರೆಂಚಿನ ಮೂಲಕ ಬಂದುದು. ಅದರ ಅರ್ಥ ಏನೂ ಅರಿಯದವನು. ಇಂಗ್ಲಿಷಿನಲ್ಲಿಯೂ ಮೊದಲು ಅದು ಮೂರ್ಖನನ್ನು ಸೂಚಿಸುತ್ತಿತ್ತು. ಕ್ರಮೇಣ ಅತಿ ನಾಜೂಕಿನವನು, ಸೂಕ್ಷ್ಮದೃಷ್ಟಿಯುಳ್ಳವನು ಎಂಬ ಅರ್ಥಗಳನ್ನು ದಾಟಿ, ಹದಿನೆಂಟನೆಯ ಶತಮಾನದಲ್ಲಿ ಹಿತಕರವಾದುದು ಎಂಬ ಅರ್ಥಕ್ಕೆ ಬಂದು ನಿಂತಿತು. ಎಲ್ಲದಕ್ಕೂ ಈ ಒಂದೇ ಮಾತನ್ನು ಬಳಸುವವರನ್ನು ಜೇನ್ ಆಸ್ಟಿನ್ ತನ್ನ ‘ನಾರ್ಥ್ಯಾಂಗರ್ ಅಬೆ’ ಕಾದಂಬರಿಯಲ್ಲಿ ಒಂದು ಪಾತ್ರದ ಬಾಯಿಂದ ಹಾಸ್ಯ ಮಾಡಿಸಿದ್ದಾಳೆ. ‘ಸಿಲಿ’ ಎಂಬುದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯಿತು. ಹಳೆಯ ಇಂಗ್ಲಿಷಿನಲ್ಲಿ ಅದು ಧನ್ಯ, ದೈವಾನುಗ್ರಹಕ್ಕೆ ಪಾತ್ರ ಎಂಬ ಅರ್ಥದ್ದು; ಜರ್ಮನ್ ಭಾಷೆಯ ಸೋದರ ಶಬ್ದದಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಧನ್ಯನಾದವನು ಮುಗ್ಧನಾದನು, ಮುಗ್ಧನು ಕನಿಕರಕ್ಕೆ ಪಾತ್ರನಾದನು, ಕನಿಕರಕ್ಕೆ ಪಾತ್ರನಾದವನು ಕಡೆಗೆ ದಡ್ಡನಾದನು. ಮೂರ್ಖನು ಮೇಲೇರಿದ, ಧನ್ಯನು ಕೆಳಗಿಳಿದ.

ಅರ್ಥಸಂಕೋಚಕ್ಕೆ ‘ಡಿಯರ್’ ಒಳ್ಳೆಯ ಉದಾಹರಣೆ. ಜಿಂಕೆಯ ಹೆಸರಾದ ಈ ಪದ ಹಿಂದೆ ಎಲ್ಲ ಪ್ರಾಣಿಗಳಿಗೂ ಸಲ್ಲುತ್ತಿತ್ತು. ಸಂಸ್ಕೃತದ ‘ಮೃಗ’ವೂ ಇದೇ ದಾರಿಯನ್ನು ಹಿಡಿಯಿತು. ವೇದಗಳಲ್ಲಿ ಕಾಡುಪ್ರಾಣಿಯಾಗಿದ್ದ ಶಬ್ದ ಕಾವ್ಯಗಳಲ್ಲಿ ಜಿಂಕೆಯೂ ಆಯಿತು. ಆದುದರಿಂದಲೇ ಮೃಗನಯನೆ ಎಂದಾಗ ನಮಗೆ ಹುಲಿಯ ಕಣ್ಣು ನೆನಪಾಗುವುದಿಲ್ಲ. ಪರಸ್ಪರ ಪ್ರಭಾವವಿಲ್ಲದ ಎರಡು ಭಾಷೆಗಳಲ್ಲಿ ಮನುಷ್ಯನ ಮನಸ್ಸು ಒಂದೇ ರೀತಿ ಕೆಲಸ ಮಾಡಿರುವುದು ಗಮನಾರ್ಹ. ಇನ್ನು ‘ಬೀಡ್’ ಎಂಬುದು ಮೂಲತಃ ಪ್ರಾರ್ಥನೆ. ಪ್ರಾರ್ಥನೆಗಳನ್ನು ಜಪಮಾಲೆಯಲ್ಲಿ ಎಣಿಸುತ್ತ ಎಣಿಸುತ್ತ ಆ ಹೆಸರು ಮಣಿಗೆ ಅಂಟಿಕೊಂಡಿತು. ಇಂದು ಆಟದ ಮಣಿಗೂ ಅದೇ ಹೆಸರು.

ಇಷ್ಟರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಶಬ್ದದ ಮೂಲಾರ್ಥವೇ ಅದರ ನಿಜವಾದ ಅರ್ಥವಲ್ಲ. ‘ಡೆಸಿಮೇಟ್’ ಎಂದರೆ ಹತ್ತರಲ್ಲಿ ಒಬ್ಬನನ್ನು ಕೊಲ್ಲುವುದು, ಅದು ರೋಮನ್ ಸೇನೆಯ ಶಿಕ್ಷೆ, ಆದುದರಿಂದ ಬಹುಪಾಲು ನಾಶ ಎಂಬ ಅರ್ಥದಲ್ಲಿ ಬಳಸುವುದು ತಪ್ಪು ಎಂದು ವಾದಿಸುವ ಪಂಡಿತರುಂಟು. ಈ ವಾದವನ್ನು ಒಪ್ಪಿದರೆ ‘ನೈಸ್’ ಎಂದು ಹೊಗಳಿಸಿಕೊಂಡವರೆಲ್ಲ ಕೋಪಗೊಳ್ಳಬೇಕಾಗುತ್ತದೆ. ನಿಷ್ಪತ್ತಿಶಾಸ್ತ್ರದ ಇಂಗ್ಲಿಷ್ ಹೆಸರಿನ ಮೂಲದಲ್ಲಿ ಸತ್ಯ ಎಂಬ ಅರ್ಥದ ಗ್ರೀಕ್ ಪದವಿದೆ. ಈ ಭ್ರಮೆ ಶಾಸ್ತ್ರದ ಹೆಸರಿನಲ್ಲಿಯೇ ಅಡಗಿದೆ. ಮೂಲವು ಶಬ್ದ ಎಲ್ಲಿಂದ ಹೊರಟಿತೆಂಬುದನ್ನು ಹೇಳುತ್ತದೆ. ಈಗ ಎಲ್ಲಿದೆ ಎಂಬುದನ್ನು ಹೇಳಬೇಕಾದವರು ಅದನ್ನು ಆಡುವ ಜನ.

೪

ಕೆಲವು ಕಥೆಗಳಲ್ಲಿ ಸತ್ಯವೂ ಅತಿಶಯೋಕ್ತಿಯೂ ಬೆರೆತಿರುತ್ತವೆ. ೧೦೬೬ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚು ಆಳುವವರ ಭಾಷೆಯಾಯಿತು. ದನ, ಕುರಿ, ಹಂದಿಗಳನ್ನು ಮೇಯಿಸುವವನು ಇಂಗ್ಲಿಷಿನವನು, ಅವುಗಳ ಮಾಂಸವನ್ನು ತಿನ್ನುವವನು ನಾರ್ಮನ್ ಪ್ರಭು. ಆದುದರಿಂದ ಕೊಟ್ಟಿಗೆಯಲ್ಲಿ ಅವಕ್ಕೆ ಇಂಗ್ಲಿಷ್ ಹೆಸರು, ತಟ್ಟೆಯಲ್ಲಿ ‘ಬೀಫ್’, ‘ಮಟನ್’, ‘ಪೋರ್ಕ್’ ಎಂಬ ಫ್ರೆಂಚ್ ಹೆಸರು. ಜಾನ್ ವಾಲಿಸನು ೧೬೫೩ರ ತನ್ನ ವ್ಯಾಕರಣದಲ್ಲಿ ಇದನ್ನು ಗುರುತಿಸಿದ್ದನು; ಸರ್ ವಾಲ್ಟರ್ ಸ್ಕಾಟನ ‘ಐವನ್‌ಹೋ’ ಕಾದಂಬರಿ ಇದನ್ನು ಲೋಕಪ್ರಸಿದ್ಧಗೊಳಿಸಿತು. ಈ ಪದಗಳು ಫ್ರೆಂಚಿನಿಂದ ಬಂದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊಟ್ಟಿಗೆಗೊಂದು, ತಟ್ಟೆಗೊಂದು ಎಂಬ ಕಟ್ಟುನಿಟ್ಟಾದ ವಿಭಾಗ ವಿಜಯದ ಮರುದಿನವೇ ಆದುದಲ್ಲ. ೧೬೧೧ರ ಇಂಗ್ಲಿಷ್ ಬೈಬಲಿನಲ್ಲಿಯೂ ‘ಬೀಫ್’ ಶಬ್ದದ ಬಹುವಚನವು ಜೀವಂತ ದನಗಳಿಗೆ ಸಲ್ಲುತ್ತದೆ. ವಿಭಾಗ ಸ್ಥಿರಗೊಳ್ಳಲು ಶತಮಾನಗಳೇ ಹಿಡಿದುವು. ಕಾದಂಬರಿಕಾರನು ಅವುಗಳನ್ನು ಒಂದು ಸಂಭಾಷಣೆಯಲ್ಲಿ ಅಡಕಮಾಡಿದನು.

೫

ಕೊನೆಯದಾಗಿ ನಮ್ಮವರನ್ನು ವಿಶೇಷವಾಗಿ ಸೆಳೆಯುವ ಧ್ವನಿಸಾದೃಶ್ಯದ ವಿಚಾರ. ಕನ್ನಡದ ‘ಒಂದು’ ಮತ್ತು ಇಂಗ್ಲಿಷಿನ ‘ಒನ್’, ಕನ್ನಡದ ‘ಕೊಲ್ಲು’ ಮತ್ತು ಇಂಗ್ಲಿಷಿನ ‘ಕಿಲ್’ ಇವುಗಳ ಹೋಲಿಕೆಯನ್ನು ನೋಡಿ ಅವು ಒಂದೇ ಮೂಲದವೆಂದು ಸಂತೋಷಪಡುವವರಿದ್ದಾರೆ. ಹಿಂದೆ ಹಿಂದೆ ಹೋದಂತೆ ಈ ಹೋಲಿಕೆ ಕರಗಿಹೋಗುತ್ತದೆ. ‘ಒನ್’ ಎಂಬುದರ ಹಳೆಯ ರೂಪ ‘ಆನ್’. ಅದರ ಬಂಧುಗಳು ಜರ್ಮನ್ನಿನ ‘ಐನ್’, ಲ್ಯಾಟಿನ್ನಿನ ‘ಊನುಸ್’. ಒಂಟಿ ಎಂಬರ್ಥದ ‘ಅಲೋನ್’ ಶಬ್ದದಲ್ಲಿ ಇದೇ ‘ಒನ್’ ತನ್ನ ಹಿಂದಿನ ಉಚ್ಚಾರಣೆಯ ಕುರುಹನ್ನು ಉಳಿಸಿಕೊಂಡಿದೆ. ‘ಒಂದು’ ಶಬ್ದದ ಬಂಧುಗಳಾದರೋ ತಮಿಳಿನ ‘ಒನ್ರು’, ಮಲಯಾಳದ ‘ಒನ್ನು’. ‘ಕಿಲ್’ ಶಬ್ದವು ಮೊದಲು ಕಾಣಿಸಿಕೊಂಡಾಗ ಅದರ ಅರ್ಥ ಹೊಡೆಯುವುದು ಎಂದು ಮಾತ್ರ.

ಇದಕ್ಕೆ ಪ್ರತಿಯಾಗಿ, ಕಿವಿಗೆ ಯಾವ ಹೋಲಿಕೆಯೂ ತೋರದ ಇಂಗ್ಲಿಷಿನ ‘ವೀಲ್’ ಮತ್ತು ಸಂಸ್ಕೃತದ ‘ಚಕ್ರ’ ನಿಜವಾದ ಸೋದರರು. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದೇ ಮೂಲವಿರಬೇಕೆಂದು ಸರ್ ವಿಲಿಯಂ ಜೋನ್ಸನು ೧೭೮೬ರಲ್ಲಿ ಕಲ್ಕತ್ತೆಯಲ್ಲಿ ಸೂಚಿಸಿದನು. ಮೂಲದ ಕಕಾರವು ಇಂಗ್ಲಿಷಿನ ವರ್ಗದಲ್ಲಿ ಹಕಾರವಾಗುತ್ತದೆಂಬ ನಿಯಮವನ್ನು ಮುಂದೆ ಯಾಕೋಬ್ ಗ್ರಿಮ್ಮನು ೧೮೨೨ರಲ್ಲಿ ವಿವರಿಸಿದನು. ಲ್ಯಾಟಿನ್ನಿನ ‘ಕೆಂತುಮ್’ ಇಂಗ್ಲಿಷಿನಲ್ಲಿ ‘ಹಂಡ್ರೆಡ್’. ಹಾಗೆಯೇ ‘ವೀಲ್’ ಶಬ್ದವೂ ಹಿಂದೆ ಹಕಾರಾದಿಯಾಗಿತ್ತು. ಹೋಲಿಕೆ ಆಕಸ್ಮಿಕವಾಗಿರಬಹುದು, ನಿಯಮಬದ್ಧವಾದ ವ್ಯತ್ಯಾಸ ಆಕಸ್ಮಿಕವಲ್ಲ.

ಎರವಲಿನ ವಿಷಯದಲ್ಲಿ ಶಬ್ದ ನಡೆದ ದಾರಿಯನ್ನೂ ನೋಡಬೇಕು. ಅಡಿಕೆಗೆ ಇಂಗ್ಲಿಷಿನಲ್ಲಿರುವ ‘ಅರೀಕ’ ಎಂಬ ಹೆಸರು ನಮ್ಮ ಕರಾವಳಿಯ ಶಬ್ದವೆಂಬುದು ನಿಶ್ಚಯ. ಆದರೆ ೧೪೯೮ರಲ್ಲಿ ಪೋರ್ಚುಗೀಸರು ಬಂದು ಸೇರಿದ್ದು ಕಲ್ಲಿಕೋಟೆಯ ಕಡೆಗೆ. ಅವರು ಎತ್ತಿಕೊಂಡದ್ದು ಮಲಯಾಳದ ರೂಪವನ್ನು ಎಂದು ನಿಘಂಟುಕಾರರು ಹೇಳುತ್ತಾರೆ. ಕನ್ನಡದ ‘ಅಡಿಕೆ’ ಅದರ ಒಡಹುಟ್ಟು. ಒಡಹುಟ್ಟನ್ನು ತಾಯಿಯೆಂದು ಹೇಳಿಕೊಳ್ಳುವುದರಿಂದ ಕನ್ನಡದ ಗೌರವವೇನೂ ಹೆಚ್ಚುವುದಿಲ್ಲ.

ಆದುದರಿಂದ ಶಬ್ದದ ಮೂಲವನ್ನು ಹೇಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಚಿತ. ಅದರ ಅತ್ಯಂತ ಹಳೆಯ ಪ್ರಯೋಗ ಯಾವುದು? ರೂಪದ ಬದಲಾವಣೆ ನಿಯಮಕ್ಕೆ ಒಳಪಟ್ಟಿದೆಯೇ? ಅದು ಯಾರ ಕೈಯಿಂದ ಯಾರ ಕೈಗೆ ಬಂದಿತು? ಕನ್ನಡಕ್ಕೂ ಈ ಸಾಧನ ಇಂದು ಲಭ್ಯವಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾಗಿ, ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನು ಒದಗಿಸಿಕೊಟ್ಟಿದೆ. ತರಗತಿಯಲ್ಲಿ ಒಂದು ಕಥೆಯನ್ನು ಹೇಳುವ ಮುನ್ನ ಅಧ್ಯಾಪಕರು ಇಂಥ ಸಂಪುಟವೊಂದನ್ನು ತೆರೆದು ನೋಡುವುದು, ಕಥೆ ಕೇಳಿದ ವಿದ್ಯಾರ್ಥಿಯು ‘ಇದಕ್ಕೆ ಆಧಾರವೇನು?’ ಎಂದು ವಿನಯದಿಂದ ಕೇಳುವುದು, ಇವೆರಡೂ ನಡೆದರೆ ಚರಿತ್ರೆಯ ಪಾಠದ ಮೊದಲ ಹೆಜ್ಜೆಯನ್ನು ಇಟ್ಟಂತಾಯಿತು.